ಹದಿನೈದನೇ ನಂಬರಿನ ಷರಾ

ಬೆಂಚಿನ ತುದಿಯಲ್ಲಿ ಟವೆಲ್ ಹಿಡಿದು ಕುಳಿತವನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟಿದ್ದೇನೆ. ಎರಡು ವರ್ಷ, ಒಂದು ಭಾನುವಾರ ತಪ್ಪದೆ, ಮೈಯೆಲ್ಲ ಉರಿಯುವಷ್ಟು ಪಟ್ಟಿದ್ದೇನೆ. ಅವನು ನನ್ನ ಒಡಹುಟ್ಟಿದ ತಮ್ಮ ಎಂಬುದರಿಂದ ಆ ಉರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇದು ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆ ಇಟ್ಟಿದ್ದ ಮಾಲಕರೊಬ್ಬರಿಗೆ ಬಾಸ್ಕೆಟ್‌ಬಾಲ್ ಹುಚ್ಚು. ಎಂಥ ಹುಚ್ಚೆಂದರೆ ಹನ್ನೆರಡು ಜನರನ್ನು ಪಗಾರ ಕೊಟ್ಟು ಆಡಲಿಕ್ಕೆಂದೇ ಇಟ್ಟುಕೊಂಡಿದ್ದರು. ಬೆಳಿಗ್ಗೆ ಸಂಜೆ ಅಭ್ಯಾಸ, ನಡುವೆ ಸ್ಟೋರಿನಲ್ಲೋ ಗೇಟಿನಲ್ಲೋ ಹೆಸರಿಗೊಂದು ಕುರ್ಚಿ. ಎರಡು ವರ್ಷ ತಂಡದಲ್ಲಿ ನಿಂತವರಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ ಎಂದು ಮಾತಾಗಿತ್ತು. ನನ್ನ ತಮ್ಮನಿಗೆ ಬೇಕಾಗಿದ್ದದ್ದು ಅದೇ. ಜಾಂಬೋಟಿಯ ಕಡೆ ಒಂದು ಹುಡುಗಿಯನ್ನು ನೋಡಿ ಎರಡೂ ಕಡೆ ಒಪ್ಪಿಯಾಗಿತ್ತು. ಹುಡುಗಿಯ ಅಪ್ಪ ಮಾತ್ರ, "ಹುಡುಗ ಕಾಯಂ ಆಗ್ಲಿ, ಅಕ್ಕಿಕಾಳು ಹಾಕೂಣಂತ" ಎಂದು ಹೇಳಿ ಎದ್ದು ಹೋಗಿದ್ದರು. ಹಾಗಾಗಿ ಅವನ ಪಾಲಿಗೆ ಆ ಬೆಂಚಿನ ತುದಿ ಸಣ್ಣ ಜಾಗವಾಗಿರಲಿಲ್ಲ.

ನಮ್ಮದು ಖಾನಾಪುರ. ಅಪ್ಪ ಅಲ್ಲಿನ ಹಂಚಿನ ಕಾರ್ಖಾನೆಯೊಂದರಲ್ಲಿ ದುಡಿದವರು. ನಾನು ಬೆಳಗಾವಿಯ ಕ್ಯಾಂಪಿನ, ಅಂದರೆ ದಂಡಿನ ಪ್ರದೇಶದ, ಹೆಣ್ಣುಮಕ್ಕಳ ಹೈಸ್ಕೂಲಿಗೆ ಹಾಸ್ಟೆಲಿನಲ್ಲಿದ್ದು ಹೋದೆ. ಬಾಸ್ಕೆಟ್‌ಬಾಲ್ ಹತ್ತಿದ್ದು ಅಲ್ಲೇ. ರಜೆಗೆ ಊರಿಗೆ ಬಂದಾಗ ಕೈ ಸುಮ್ಮನಿರದೆ ಗೋಡೆಗೆ ಚೆಂಡು ಬಡಿಯುತ್ತಿದ್ದೆ. ಹಂಚಿನ ಮನೆ ಅದುರುವುದನ್ನು ನೋಡಲಾರದೆ ಅಪ್ಪ ಹಿತ್ತಲಿನ ಹಲಸಿನ ಮರಕ್ಕೆ ಹಳೇ ಪೀಪಾಯಿಯ ಕಬ್ಬಿಣದ ಬಳೆಯೊಂದನ್ನು ಹೊಡೆದುಕೊಟ್ಟರು. ನನಗಾಗಿ ಹೊಡೆದದ್ದು ಅದು. ಇದನ್ನು ಈಗಲೂ ಒತ್ತಿ ಹೇಳುತ್ತೇನೆ. ತಮ್ಮ ಆಗ ಗಟಾರಕ್ಕೆ ಬಿದ್ದ ಚೆಂಡು ತಂದುಕೊಡುವಷ್ಟು ದೊಡ್ಡವನಾಗಿದ್ದ, ಅಷ್ಟೆ.

ಅವನಿಗೆ ಆಟ ಕಲಿಸಿದವಳು ನಾನು. ಚೆಂಡು ಬಡಿಯುವಾಗ ಚೆಂಡನ್ನು ನೋಡಬಾರದು ಎಂದು ಕಲಿಸಿದೆ, ಮೊಣಕೈ ಒಳಗಿಟ್ಟು ಒಗೆಯುವುದನ್ನು ಕಲಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ ಗೂಟ ನಿಲ್ಲುವುದನ್ನು ಕಲಿಸಿದೆ. ಗೂಟ ಎಂಬುದು ನಮ್ಮ ಹಿತ್ತಲಿನ ಮಾತು. ಎದುರಾಳಿ ಚೆಂಡು ಹಿಡಿದು ಮೈಮೇಲೆ ನುಗ್ಗಿ ಬರುವಾಗ ಎರಡೂ ಕಾಲು ನೆಲಕ್ಕೆ ಊರಿ, ಎದೆ ಕೊಟ್ಟು ನಿಂತುಬಿಡಬೇಕು. ಕಾಲು ಕದಲದಿದ್ದರೆ ತಪ್ಪು ಅವನದು, ಕದಲಿದರೆ ನಮ್ಮದು. ನಾನು ಅಂಗಳದ ಆ ತುದಿಯಿಂದ ಓಡಿಬಂದು ತಮ್ಮನಿಗೆ ಡಿಕ್ಕಿ ಹೊಡೆಯುತ್ತಿದ್ದೆ. ಅವನು ಕೆಂಪು ಮಣ್ಣಿನಲ್ಲಿ ಅಂಗಾತ ಬಿದ್ದು, "ಕಾಲು ಅಲುಗಾಡಿತ್ತೇನ ಅಕ್ಕಾ?" ಎಂದು ಬಿದ್ದಲ್ಲಿಂದಲೇ ಕೇಳುತ್ತಿದ್ದ. ನೂರು ಸಲ ಬಿದ್ದಿರಬಹುದು. ಅವ್ವ ಒಳಗಿನಿಂದ, "ಎವ್ವಾ, ಅದನ್ನ ಕೊಂದಗಿಂದೀ!" ಎಂದು ಕೂಗುತ್ತಿದ್ದಳು.

ನಾನು ಐದಡಿ ಒಂಬತ್ತಂಗುಲ. ತಮ್ಮ ಬೆಳೆದು ನಿಂತಾಗ ನನಗಿಂತ ಎರಡೇ ಎರಡು ಅಂಗುಲ ಹೆಚ್ಚು. ಆದರೆ ನೋಡಿ, ಅವನ ಎತ್ತರ ಮನೆಗೆ ಶೋಭೆ, ನನ್ನ ಎತ್ತರ ಮನೆಗೆ ಚಿಂತೆ. ನನ್ನನ್ನು ನೋಡಲು ಬಂದ ಗಂಡುಗಳು ನಾನು ಚಹಾದ ತಾಟು ಹಿಡಿದು ಬರುತ್ತಿದ್ದಂತೆ ಕತ್ತೆತ್ತಿ ನೋಡಿ, ಚಹಾ ಮುಗಿಸಿ, ಪತ್ರ ಹಾಕುತ್ತೇವೆಂದು ಹೇಳಿ ಹೋದವರೇ. ಕಾಲೇಜು ಮುಗಿದ ಮೇಲೆ ಆಡಲು ತಂಡವೂ ಉಳಿಯಲಿಲ್ಲ. ಬೆಳಗಾವಿಯ ಖಾಸಬಾಗದಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದು ಕನ್ನಡ ಸಾಲಿಯಲ್ಲಿ ಟೀಚರಾದೆ.

ಕಾರ್ಖಾನೆಯ ತಂಡಕ್ಕೆ ಆಯ್ಕೆ ನಡೆದದ್ದು ಕ್ಯಾಂಪಿನ ಒಂದು ಸಿಮೆಂಟು ಮೈದಾನದಲ್ಲಿ. ತಮ್ಮನನ್ನು ನಾನೇ ಕರೆದುಕೊಂಡು ಹೋಗಿದ್ದೆ. ತರಬೇತುದಾರರು ಸೈನ್ಯದಿಂದ ನಿವೃತ್ತರಾದ ಸುಭೇದಾರರು, ಕ್ಯಾಂಪಿನವರೇ, ಕೊರಳಲ್ಲಿ ಸದಾ ಸೀಟಿ. ಗೆರೆಯ ಮೇಲೆ ನಿಂತು ಹತ್ತು ಚೆಂಡು ಒಗೆಯಬೇಕಿತ್ತು. ತಮ್ಮನ ನಾಲ್ಕನೆಯದು ಹೊರಗೆ ಬಿದ್ದಾಗ ನನ್ನ ಬಾಯಿ ನಿಲ್ಲಲಿಲ್ಲ.

"ಮೊಣಕೈ ಒಳಗ ತಗೋ, ಒಳಗ!"

ಸುಭೇದಾರರು ತಿರುಗಿದರು. "ಯಾರ್ರೀ ನೀವು?"

"ಅವನ ಅಕ್ಕ ರೀ."

"ಹಂಗಾರ ನೀವ ಒಗೀರಲಾ, ನೋಡೂಣು" ಎಂದು ನಗುತ್ತ ಚೆಂಡನ್ನು ನನ್ನ ಕಡೆ ಎಸೆದರು. ಚೇಷ್ಟೆಗೆ ಎಸೆದದ್ದು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಗೆರೆಗೆ ನಿಂತೆ. ಹತ್ತಕ್ಕೆ ಒಂಬತ್ತು ಹಾಕಿದೆ. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು, ಕುರ್ಚಿಯ ಮೇಲಿದ್ದ ಮಾಲಕರು ಎದ್ದು ನಿಂತರು. ತಮ್ಮ ಹಾಕಿದ್ದು ಆರು.

ತಮ್ಮನನ್ನು ತೆಗೆದುಕೊಂಡರು. ಹನ್ನೆರಡನೆಯವನಾಗಿ. ಆಗ ಅಂಗಿಯ ನಂಬರುಗಳು ನಾಲ್ಕರಿಂದ ಶುರುವಾಗಿ ಹದಿನೈದಕ್ಕೆ ಮುಗಿಯುತ್ತಿದ್ದವು, ಅವನಿಗೆ ಹದಿನೈದು ಬಂತು. ಯಾರೂ ನನಗೆ ಅನ್ಯಾಯ ಮಾಡಲಿಲ್ಲ. ಹೆಂಗಸರ ತಂಡವೇ ಇರಲಿಲ್ಲ, ಅದನ್ನು ಯಾರೂ ಹೇಳಬೇಕಾಗಿಯೂ ಇರಲಿಲ್ಲ, ನಾನು ಕೇಳಲೂ ಇಲ್ಲ. ಆದರೆ ಆ ಒಂಬತ್ತು ಮತ್ತು ಈ ಆರು ನನ್ನ ತಲೆಯಿಂದ ಇವತ್ತಿನವರೆಗೂ ಹೋಗಿಲ್ಲ.

ಹೊರಡುವಾಗ ಮಾಲಕರು ನನ್ನನ್ನು ಕರೆದರು. "ಬಾಯಾರ, ನಿಮಗ ಆಟ ಭಾಳ ಚಲೋ ತಿಳೀತೈತಿ. ನಮ್ಮ ತಂಡದ ಬುಕ್ಕ ನೀವ ಬರೀರಿ."

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಮಾಲಕರದು ಹಳೆಯ ಜೈನ ಮನೆತನ, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಮಧ್ಯಾಹ್ನದ ಬಿಸಿಲಿಗೆ ಸಿಮೆಂಟು ಕಾದು ಬೂಟಿನ ತಳ ಸುಡುತ್ತಿದ್ದುದರಿಂದ ಪಂದ್ಯ ಶುರುವಾಗುತ್ತಿದ್ದದ್ದು ಐದಕ್ಕೆ ಹತ್ತು ನಿಮಿಷವಿರುವಾಗ. ಆಗಷ್ಟೇ ನಿಯಮ ಬದಲಾಗಿ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಬಂದಿದ್ದವು. ಎರಡು ಕ್ವಾರ್ಟರ್ ಮುಗಿದು ಹುಡುಗರು ನಿಂಬೆಹಣ್ಣಿನ ಶರಬತ್ತು ಕುಡಿಯುವ ಹೊತ್ತಿಗೆ ಮಾಲಕರು ಪಡುವಣ ದಿಕ್ಕು ನೋಡಿ ಎದ್ದುಬಿಡುತ್ತಿದ್ದರು. ಮನೆಗೆ ಹೋಗಿ ಊಟ, ಆಮೇಲೆ ಬಸದಿ. ತಂಡ ಸೋಲುತ್ತಿರಲಿ ಗೆಲ್ಲುತ್ತಿರಲಿ, ಆ ನೇಮ ತಪ್ಪಿದ್ದಿಲ್ಲ. ಹೀಗಾಗಿ ತಮ್ಮದೇ ತಂಡದ ಎರಡನೇ ಅರ್ಧವನ್ನು ಅವರು ಕಣ್ಣಾರೆ ನೋಡಿದ್ದೇ ಇಲ್ಲ. "ಮೊದಲನೇ ಅರ್ಧ ನನ್ನ ಕಣ್ಣು, ಎರಡನೇದ್ದು ನಿಮ್ಮ ಕಣ್ಣು" ಎನ್ನುತ್ತಿದ್ದರು.

ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಡ್ಡಪಟ್ಟಿ ಹಿಡಿದು ಖಾನೆ ಎಳೆದೆ. ನಂಬರು, ಆಡಿದ ನಿಮಿಷ, ಅಂಕ, ಬಳೆಗೆ ಬಡಿದು ಮರಳಿದಾಗ ಹಿಡಿದ ಚೆಂಡು, ಫೌಲು. ಕೊನೆಯದಾಗಿ ಷರಾ. ಷರಾ ಸಾಲಿಯ ಹಾಜರಿ ಪುಸ್ತಕದಿಂದ ಬಂದ ಚಟ. ಅಂಕಿಯಲ್ಲಿ ಹಿಡಿಸದ್ದನ್ನೆಲ್ಲ ಅಲ್ಲಿ ಬರೆಯುವುದು. ನಾಲ್ಕನೇ ನಂಬರಿನ ಕ್ಯಾಪ್ಟನ್ನನ ಬಗ್ಗೆ, "ಮೂರನೇ ಕ್ವಾರ್ಟರಿನಿಂದ ಮಾತು ಹೆಚ್ಚು, ಓಟ ಕಡಿಮೆ" ಎಂದು ಬರೆದೆ. ಹನ್ನೊಂದನೇ ನಂಬರಿನ ಉದ್ದನೆಯವನಿಗೆ, "ಎತ್ತರವಿದೆ, ಸೊಂಟ ಬಗ್ಗುವುದಿಲ್ಲ" ಎಂದೆ. ಮಾಲಕರು ಓದಿ ಸುಭೇದಾರರನ್ನು ಕೇಳಿದರಂತೆ. ಅವರು ತಲೆ ಕೆರೆದುಕೊಂಡು, "ಖರೇ ಐತ್ರಿ" ಎಂದರಂತೆ. ಅಂದಿನಿಂದ ನನ್ನ ಬುಕ್ಕಿನ ಮಾತೆಂದರೆ ಮುಗಿಯಿತು.

ಕ್ಯಾಪ್ಟನ್ ಎಂಥವನು, ಉದ್ದನೆಯವನು ಎಷ್ಟು ಹಾಕಿದ ಎಂದು ಬೇರೆ ಪ್ರೇಕ್ಷಕರು ವಾದ ಮಾಡುತ್ತಿದ್ದರೆ ನನಗೆ ಅದೆಲ್ಲ ಮಕ್ಕಳ ಮಾತು ಎನಿಸುತ್ತಿತ್ತು. ಮೊದಲ ಐವರನ್ನು ಯಾರು ಬೇಕಾದರೂ ನೋಡುತ್ತಾರೆ. ಒಬ್ಬನಿಗೆ ಐದನೇ ಫೌಲು ಬಿದ್ದು ಹೊರಗೆ ಬಂದ, ಇನ್ನೊಬ್ಬನ ಕಾಲು ಉಳುಕಿತು, ಆಮೇಲೆ? ಆರನೆಯವನು ಯಾರು, ಒಂಬತ್ತನೆಯವನು ಯಾರು? ತಂಡ ತಿಳಿಯುವುದು ಅಲ್ಲಿ. ಮೊದಲ ಮಳೆಗಾಲದ ಹೊತ್ತಿಗೆ ಮಾಲಕರಿಗೆ ಎರಡು ಪುಟದ ವರದಿಯನ್ನೇ ಬರೆದುಕೊಟ್ಟಿದ್ದೆ. ನಮ್ಮದು ಎರಡು ಕೊಡ ಸೇದಿದೊಡನೆ ತಳ ಕಾಣುವ ಬಾವಿ, ಎಂಟನೆಯವನ ನಂತರ ನೀರಿಲ್ಲ ಎಂದು. ಉದ್ದನೆಯವನಿಗೆ ಬದಲಿಯಾಗಿ ಇನ್ನೊಬ್ಬ ಉದ್ದನೆಯವನನ್ನು ಹುಡುಕುವುದಕ್ಕಿಂತ ಇಬ್ಬರು ಗಿಡ್ಡರನ್ನು ಪಾಳಿಯ ಮೇಲೆ ಓಡಿಸಿದರೆ ಲೇಸು ಎಂದು. ಸುಭೇದಾರರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಹಾಗೇ ಮಾಡಿದರು, ಮೂರು ಪಂದ್ಯ ಸಾಲಾಗಿ ಗೆದ್ದೆವು. ನನ್ನ ಸೊಕ್ಕು ಕೇಳಬೇಡಿ.

ಆದರೆ ಹದಿನೈದನೇ ನಂಬರಿನ ಸಾಲಿಗೆ ಬಂದಾಗ ನನ್ನ ಕೈ ಬೇರೆಯಾಗುತ್ತಿತ್ತು. ಮೊದಲ ಕೆಲವು ತಿಂಗಳು ಅವನು ಆಡುತ್ತಿದ್ದದ್ದೇ ಒಂದೋ ಎರಡೋ ನಿಮಿಷ. ಅಂಕ ಸೊನ್ನೆ. ಆ ಸೊನ್ನೆಯನ್ನು ನಾನು ಬಹಳ ದುಂಡಗೆ ಬರೆಯುತ್ತಿದ್ದೆ. ಬರೆಯುವಾಗ ಒಂಥರಾ ತಂಪು ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ನನ್ನ ಮನೆಯಲ್ಲೇ ಇದ್ದ. ನಾನು ಕುದಿಸಿದ ಅನ್ನ ಉಂಡು, ಕಾರ್ಖಾನೆಯವರು ಕೊಟ್ಟ ಬಿಳೀ ಬೂಟುಗಳನ್ನು ಕಟ್ಟೆಯ ಮೇಲೆ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಕಣಕಾಲಿನವರೆಗೆ ಬರುವ, ದಪ್ಪ ತಳದ ಬೂಟು. ನಾನು ಕಾಲೇಜಿನಲ್ಲಿ ಆಡಿದ್ದು ಬಾಟಾ ಅಂಗಡಿಯ ಕ್ಯಾನ್ವಾಸಿನಲ್ಲಿ. ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಬಾಗಿಲಿಗೆ ಅಗುಳಿ ಹಾಕಿ ಅವನ್ನು ಹಾಕಿಕೊಂಡೆ. ಎರಡೆರಡು ಕಾಲುಚೀಲ ತೊಟ್ಟರೆ ಸರಿಯಾಗಿ ಕೂತವು. ಅಡುಗೆ ಖೋಲಿಯಲ್ಲಿ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆದೆ. ಒಮ್ಮೆ ಜಿಗಿದೆ, ತೊಲೆ ಕೈಗೆ ಸಿಕ್ಕಿತು. ಮೂವತ್ತೊಂದು ವರ್ಷದ ಹೆಂಗಸು, ಸಾಲಿಯ ಟೀಚರು, ಅಡುಗೆ ಮನೆಯಲ್ಲಿ ಜಿಗಿಯುತ್ತಿದ್ದೆ. ಆಮೇಲೆ ಬೂಟು ಬಿಚ್ಚಿ, ಇದ್ದ ಹಾಗೇ ದಾರ ಕಟ್ಟಿಟ್ಟು, ಅವನನ್ನು ಚಹಾಕ್ಕೆ ಎಬ್ಬಿಸುವಾಗ ಸಿಡಿದುಬಿದ್ದೆ. ಪಾಪ, ಯಾಕೆಂದು ಅವನಿಗೆ ತಿಳಿಯಲಿಲ್ಲ.

ಎರಡನೇ ವರ್ಷ ಪರಿಸ್ಥಿತಿ ಬದಲಾಯಿತು. ಕೊನೆಯ ಕ್ವಾರ್ಟರಿನಲ್ಲಿ ಎದುರಾಳಿಯ ಜೋರಿನ ಆಟಗಾರನನ್ನು ಕಟ್ಟಿಹಾಕಲು ಸುಭೇದಾರರು ತಮ್ಮನನ್ನು ಇಳಿಸತೊಡಗಿದರು. ಹುಬ್ಬಳ್ಳಿಯ ತಂಡದ ಜೊತೆಗಿನ ಪಂದ್ಯ ನನಗೆ ನಿನ್ನೆಯಷ್ಟೇ ನೋಡಿದಂತಿದೆ. ಮಾಲಕರು ಎದ್ದು ಹೋಗಿದ್ದರು, ಬಲ್ಬು ಹತ್ತಿದ್ದವು. ನಮ್ಮ ಇಬ್ಬರು ಐದು ಐದು ಫೌಲಿನಿಂದ ಹೊರಬಿದ್ದರು, ಒಬ್ಬ ಕುಂಟುತ್ತಿದ್ದ. ನಾನು ಹೇಳಿದ ತಳ ಕಂಡಿತು ಎಂದುಕೊಂಡೆ. ಆರು ನಿಮಿಷ ಉಳಿದಿರುವಾಗ ಹದಿನೈದು ಒಳಗೆ ಹೋಯಿತು.

ಹುಬ್ಬಳ್ಳಿಯ ಕಡೆ ಒಬ್ಬ ಗೂಳಿಯಂಥವನಿದ್ದ, ಅಲ್ಲಿಯವರೆಗಿನ ಅವರ ಅರ್ಧ ಅಂಕ ಅವನದೇ. ತಮ್ಮ ಅವನ ಬೆನ್ನು ಬಿಡಲಿಲ್ಲ. ಚೆಂಡು ಅವನ ಕೈಗೆ ಬರುವ ದಾರಿಯಲ್ಲೇ ನಿಂತ. ಕೊನೆಯ ನಿಮಿಷದಲ್ಲಿ ನಾವು ಒಂದು ಅಂಕ ಮುಂದಿದ್ದಾಗ ಆ ಗೂಳಿ ಚೆಂಡು ಹಿಡಿದು ನುಗ್ಗಿತು. ತಮ್ಮ ಗೂಟ ನಿಂತ. ಎದೆಗೆ ಡಿಕ್ಕಿ ಬಿದ್ದ ಸದ್ದು ನನ್ನ ಕುರ್ಚಿಯವರೆಗೂ ಕೇಳಿತು. ಸಿಮೆಂಟಿನ ಮೇಲೆ ಅಂಗಾತ ಜಾರಿದ, ಮೊಣಕೈ ತರಚಿ ರಕ್ತ ಬಂತು. ಸೀಟಿ ಊದಿತು. ತಪ್ಪು ಹುಬ್ಬಳ್ಳಿಯವನದು, ಅವನ ಐದನೇ ಫೌಲು, ಅವನು ಹೊರಗೆ. ನಾವು ಗೆದ್ದೆವು.

ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ, ಕೈಯಲ್ಲಿ ಪೆನ್ನಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅದು ನನ್ನ ಗೂಟ! ನಾನು ಕಲಿಸಿದ್ದು, ನನ್ನ ಹಿತ್ತಲಿನದು, ನನಗೆ ಹೊಡೆದುಕೊಟ್ಟ ಬಳೆಯ ಕೆಳಗಿನದು. ಚಪ್ಪಾಳೆ ಮಾತ್ರ ಅವನಿಗೆ.

ಅವನು ಬೆವರು ಸುರಿಸುತ್ತ ನನ್ನ ಮೇಜಿನ ಹತ್ತಿರವೇ ಓಡಿಬಂದ. ಬೇರೆ ಯಾರ ಹತ್ತಿರವೂ ಹೋಗಲಿಲ್ಲ. "ಅಕ್ಕಾ, ನೋಡಿದಿಲ್ಲೋ? ನೀ ಹೇಳಿದಂಗ ನಿಂತಿದ್ದೆ!"

"ನೋಡಿದೆ" ಎಂದೆ. "ಕಾಲು ಅಲುಗಾಡಿತ್ತು. ಸೀಟಿಯವಗ ಕಾಣಲಿಲ್ಲ, ನಿನ್ನ ನಸೀಬ ಚಲೋ."

ಅವನ ಮುಖ ಇಳಿಯಿತು. "ಹೌದೇನು?" ಎಂದು ತನ್ನ ಕಾಲುಗಳನ್ನೇ ನೋಡಿಕೊಂಡ.

ಕಾಲು ಅಲುಗಾಡಿರಲಿಲ್ಲ. ಕೂದಲಿನಷ್ಟೂ ಅಲುಗಾಡಿರಲಿಲ್ಲ.

ಅವನು ಹೋದ ಮೇಲೆ ಸಾಲು ತುಂಬಿಸಿದೆ. ನಿಮಿಷ ಆರು, ಅಂಕ ಸೊನ್ನೆ, ಹಿಡಿದ ಚೆಂಡು ಸೊನ್ನೆ, ಫೌಲು ಎರಡು. ಎಲ್ಲವೂ ಸತ್ಯ. ಗೂಟ ನಿಂತದ್ದಕ್ಕೆ ನನ್ನ ಬುಕ್ಕಿನಲ್ಲಿ ಖಾನೆ ಇರಲಿಲ್ಲ, ಬರೆಯುವುದಿದ್ದರೆ ಷರಾದಲ್ಲಿ ಬರೆಯಬೇಕು. ಪೆನ್ನು ಷರಾದ ಮೇಲೆ ತಂದೆ. ಹನ್ನೊಂದು ಜನರಿಗೂ ಏನಾದರೂ ಬರೆದಿದ್ದೆ, ಒಬ್ಬನಿಗೆ ಉಗುರು ಕಚ್ಚುವ ಚಟವಿದೆ ಎಂದೂ ಬರೆದಿದ್ದೆ. ತಮ್ಮನದನ್ನು ಖಾಲಿ ಬಿಟ್ಟು ಬುಕ್ಕು ಮುಚ್ಚಿದೆ. ಸುಳ್ಳು ಬರೆದಿಲ್ಲವಲ್ಲ, ಇನ್ನೇನು?

ಬುಕ್ಕನ್ನು ಮಾಲಕರಿಗೆ ಮುಟ್ಟಿಸುತ್ತಿದ್ದವನು ಯಾರು ಗೊತ್ತೆ? ಅವನೇ. ಪ್ರತಿ ಸೋಮವಾರ ಬೆಳಿಗ್ಗೆ ಅದನ್ನು ಪೇಪರಿನಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿ ಉದ್ಯಮಬಾಗಕ್ಕೆ ಒಯ್ಯುತ್ತಿದ್ದ. ಒಮ್ಮೆಯೂ ತೆರೆದು ನೋಡಿದವನಲ್ಲ. ಮಳೆಯಿದ್ದರೆ ಅಂಗಿಯ ಒಳಗಿಟ್ಟುಕೊಂಡು, ತಾನು ತೊಯ್ದು ಬುಕ್ಕು ಒಣಗಿದ್ದ ಹಾಗೇ ಒಪ್ಪಿಸುತ್ತಿದ್ದ. ಆ ವರ್ಷ ಅವನು ಅಂಥ ಏಳೆಂಟು ಪಂದ್ಯ ಆಡಿರಬೇಕು. ಏಳೆಂಟು ಸಲವೂ ನಾನು ಷರಾ ಖಾಲಿ ಬಿಟ್ಟೆ.

ಅವನಿಗೆ ಎರಡು ವರ್ಷ ತುಂಬಲು ಎರಡು ತಿಂಗಳಿರುವಾಗ ಮಾಲಕರು ನನ್ನನ್ನು ಕಾರ್ಖಾನೆಯ ಆಫೀಸಿಗೆ ಕರೆಸಿದರು. "ಬರ್ರಿ ಬಾಯಾರ, ಕುಂದರ್ರಿ." ಮೇಜಿನ ಮೇಲೆ ನನ್ನ ಬುಕ್ಕು ಇತ್ತು. ಕಾರ್ಖಾನೆಗೆ ಕೆಲಸ ಕಡಿಮೆಯಾಗಿದೆ, ಹನ್ನೆರಡು ಜನರನ್ನು ಹತ್ತು ಮಾಡಬೇಕಾಗಿದೆ ಎಂದರು.

"ಹದಿಮೂರನೇ ನಂಬರಿನಾಂವ ತಾನ ಬಿಟ್ಟು ಹೊಂಟಾನ. ಇನ್ನೊಬ್ಬ ಯಾರು ಅಂತ ಬುಕ್ಕ ಪೂರಾ ಓದೀನಿ." ಪುಟ ತಿರುವಿದರು. "ಸುಭೇದಾರ್ರು ನಿಮ್ಮ ತಮ್ಮ ಬೇಕು ಅಂತಾರ. ಆದ್ರ ಅವರಿಗೆ ಎಲ್ಲಾ ಹುಡುಗ್ರೂ ತಮ್ಮ ಮಕ್ಕಳಿದ್ದಂಗ, ಅವರ ಬಾಯಾಗ ಎಲ್ಲಾರೂ ಚಲೋನ. ಬುಕ್ಕ ಹಂಗಲ್ಲ. ಇಲ್ನೋಡ್ರಿ, ಸೊನ್ನಿ, ಸೊನ್ನಿ, ಸೊನ್ನಿ. ಷರಾದಾಗ ಒಂದ ಅಕ್ಷರ ಇಲ್ಲ."

ಈಗ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾಲಕರು ಬುಕ್ಕು ಮುಚ್ಚಿ ಅದರ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು.

"ಸ್ವಂತ ತಮ್ಮ ಇದ್ರೂ ನೀವು ಅವನ ಸಲುವಾಗಿ ಒಂದ ಮಾತು ಹೆಚ್ಚು ಬರೀಲಿಲ್ಲ. ಇಂಥಾ ನಿಯತ್ತು ನಾ ಎಲ್ಲೂ ಕಂಡಿಲ್ರೀ ಬಾಯಾರ. ನೀವು ಗಂಡಸಾಗಿದ್ರ ನಿಮ್ಮನ್ನ ಈ ತಂಡದ ಕ್ಯಾಪ್ಟನ್ ಮಾಡ್ತಿದ್ದೆ."

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಮಾತು ಕೇಳಿ ನನಗೆ ಖುಷಿಯಾಯಿತು. ಹತ್ತಕ್ಕೆ ಒಂಬತ್ತು ಹಾಕಿದ ದಿನದ ನಂತರ ಮೊದಲ ಸಲ ಯಾರೋ ನನ್ನನ್ನು ಆಟಗಾರರ ಸಾಲಿನಲ್ಲಿ ಎಣಿಸಿದ್ದರು. ತೆರೆದ ಬಾಯಿ ಮುಚ್ಚಿಕೊಂಡೆ. ಚಹಾ ಬಂತು, ಕುಡಿದೆ. ನಮಸ್ಕಾರ ಮಾಡಿ ಎದ್ದು ಬಂದೆ.

ಸಿಟಿ ಬಸ್ಸಿನಲ್ಲಿ ಕೂತ ಮೇಲೆ ಖುಷಿ ಇಳಿಯಿತು. ಖಾಸಬಾಗ ಬರುವ ಹೊತ್ತಿಗೆ ಜಾಂಬೋಟಿಯ ಆ ಹುಡುಗಿಯ ಅಪ್ಪನ ಮುಖ ಕಣ್ಣ ಮುಂದೆ ಬಂತು. ಮನೆಯಲ್ಲಿ ತಮ್ಮ ಕಟ್ಟೆಯ ಮೇಲೆ ಕೂತು ಬೂಟು ತಿಕ್ಕುತ್ತಿದ್ದ. "ಏನಂದ್ರು ಅಕ್ಕಾ ಮಾಲಕರು?" ಎಂದು ಕೇಳಿದ. ತಲೆನೋವು ಎಂದು ಹೇಳಿ ಒಳಗೆ ಹೋದೆ.

ಮರುದಿನ ಸಾಲಿಗೆ ರಜೆ ಹಾಕಿ ಮತ್ತೆ ಉದ್ಯಮಬಾಗಕ್ಕೆ ಓಡಿದೆ. ಎಲ್ಲವನ್ನೂ ಹೇಳಿದೆ. ಹುಬ್ಬಳ್ಳಿಯವನ ಐದನೇ ಫೌಲು, ಗೂಟ, ತರಚಿದ ಮೊಣಕೈ, ಉಳಿದ ಪಂದ್ಯಗಳು. ನಮ್ಮ ತಂಡದ ಆಳವೇ ಅವನು, ಎಂಟರ ನಂತರ ನೀರಿಲ್ಲ ಎಂದು ಬರೆದದ್ದು ಈ ವರ್ಷಕ್ಕೆ ಸುಳ್ಳು, ನೀರಿದ್ದದ್ದು ಹನ್ನೆರಡನೆಯವನಲ್ಲಿ ಎಂದೆ. ಬೇಕೆಂದೇ ಬರೆಯಲಿಲ್ಲ ಎಂದೂ ಹೇಳಿದೆ.

ಮಾಲಕರು ಸಮಾಧಾನದಿಂದ ಕೇಳಿದರು. ಆಮೇಲೆ ಬುಕ್ಕು ತೆರೆದು ಹುಬ್ಬಳ್ಳಿಯ ಪುಟ ಹುಡುಕಿ ನನ್ನ ಕಡೆ ತಿರುಗಿಸಿದರು. "ಎಲ್ಲಿ ಬರದೈತಿ ತೋರಸ್ರಿ."

ನಾನು ಆ ಖಾಲಿ ಷರಾದ ಮೇಲೆ ಬೆರಳಿಟ್ಟೆ.

"ನಿನ್ನಿ ಕೂತಿದ್ದಾಗ ಏನೂ ಅನಲಿಲ್ಲ. ರಾತ್ರಿ ತಾಯಿ ನೆನಪಾಗಿರಬೇಕು, ಅಥವಾ ತಮ್ಮ ಅತ್ತಿರಬೇಕು. ತಪ್ಪಿಲ್ಲ ಬಿಡ್ರಿ, ಅಕ್ಕನ ಕರಳು ಅದು. ಆದ್ರ ನಾ ನಂಬೋದು ಬುಕ್ಕ. ನೀವ ಕಲಿಸಿದ್ರಿ ನನಗ." ಅಷ್ಟು ಹೇಳಿ ಬುಕ್ಕನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಜೋರು ಮಾಡಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವರು ನನ್ನನ್ನು ಸಮಾಧಾನ ಮಾಡಿ ಕಳಿಸಿದರು.

ಆ ತಿಂಗಳ ಕೊನೆಗೆ ತಮ್ಮ ಅಂಗಿ, ಬೂಟು ಒಪ್ಪಿಸಿ ಬಂದ. ಬೂಟನ್ನು ಕೊನೆಯ ಸಲವೂ ತಿಕ್ಕಿಯೇ ಒಯ್ದಿದ್ದ. ಜಾಂಬೋಟಿಯವರು ಕಾಯಲಿಲ್ಲ, ನಂದಗಡದ ಕಡೆ ಬೇರೆ ವರ ನೋಡಿದರು. ಅಪ್ಪ ತಾನು ದುಡಿದ ಹಂಚಿನ ಕಾರ್ಖಾನೆಯಲ್ಲೇ ಅವನಿಗೊಂದು ಕೆಲಸ ಕೇಳಿಟ್ಟರು.

ಶನಿವಾರ ಪ್ಯಾಸೆಂಜರ್ ರೈಲಿಗೆ ನಾನೂ ಖಾನಾಪುರಕ್ಕೆ ಹೋದೆ. ಅವನು ಹಿತ್ತಲಿನಲ್ಲಿ ಹಳೇ ಚೆಂಡಿಗೆ ಗಾಳಿ ಹೊಡೆಯುತ್ತಿದ್ದ. ಮಳೆ ನಿಂತು ಅಂಗಳವೆಲ್ಲ ಕೆಂಪು ರಾಡಿ. ನಾನು ಹಲಸಿನ ಮರಕ್ಕೆ ಒರಗಿ ನಿಂತೆ.

"ಮಾಲಕರು ಬುಕ್ಕ ತೋರಿಸಿದ್ರು ಅಕ್ಕಾ" ಎಂದ. "ನನ್ನ ಷರಾ ಎಲ್ಲಾ ಖಾಲಿ ಇತ್ತು."

ಪಂಪನ್ನು ಮತ್ತೆರಡು ಸಲ ಒತ್ತಿದ.

"ನೀ ಬರೀಲಿಲ್ಲ ಅಂದ್ರ ಬರಿಯೂವಂಥಾದ್ದು ಏನೂ ಇದ್ದಿದ್ದಿಲ್ಲ ಬಿಡು. ನಾನ ಸುಳ್ಳ ಏನೋ ಭಾರೀ ಮಾಡೀನಿ ಅಂದ್ಕೊಂಡಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟು ಚಲೋ ಇತ್ತು.

"ಇತ್ತೋ" ಎಂದೆ. "ಎಲ್ಲಾ ಇತ್ತು. ನಾ ಬೇಕಂತ ಬರೀಲಿಲ್ಲ. ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚು ಇತ್ತೋ. ಹೊಟ್ಟಿ ಉರೀತಿತ್ತು."

ಅವನು ಪಂಪು ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಜೋರಾಗಿ ನಕ್ಕ. "ನನ್ನ ಮ್ಯಾಲ? ಬೆಂಚಿನ ತುದಿಗೆ ಟವೆಲ್ ಹಿಡಕೊಂಡು ಕುಂತಾವನ ಮ್ಯಾಲ? ಹತ್ತಕ್ಕ ಒಂಬತ್ತು ಹಾಕಾಕಿ ನೀ! ಹೋಗ ಅಕ್ಕಾ, ನನ್ನ ಸಮಾಧಾನಕ್ಕ ಏನೇನರ ಹೇಳಬ್ಯಾಡ."

ಎಷ್ಟು ಹೇಳಿದರೂ ನಂಬಲಿಲ್ಲ. ನಾನು ಅಳತೊಡಗಿದೆ. ಅವನಿಗೆ ಗಾಬರಿಯಾಗಿ ಚೆಂಡು ತಂದು ನನ್ನ ಕೈಗಿಟ್ಟ. ತಾನು ಹೋಗಿ ಬಳೆಯ ಕೆಳಗೆ ಎರಡೂ ಕಾಲು ಊರಿ ನಿಂತ.

"ಬಾ, ಓಡಿ ಬಾ. ಹುಬ್ಬಳ್ಳಿ ಮ್ಯಾಚಿನ್ಯಾಗ ಕಾಲು ಅಲುಗಾಡಿತ್ತು ಅಂದಿದ್ದೆಲ್ಲಾ, ಅವತ್ತಿಂದ ಅದ ತಲಿಯಾಗ ಕುಂತೈತಿ. ಈಗ ಸರಿ ನೋಡಿ ಹೇಳು."

ಸೆರಗು ಸಿಕ್ಕಿಸಿ ಓಡಿದೆ. ಎದೆಗೆ ಎದೆ ಬಡಿಯಿತು. ಅವನು ರಾಡಿಯಲ್ಲಿ ಅಂಗಾತ ಬಿದ್ದ, ಅವನ ಮೇಲೆ ನಾನು. 'ಎವ್ವಾ, ಅದನ್ನ ಕೊಂದಗಿಂದೀ' ಎಂದು ಅವ್ವ ಒಳಗಿನಿಂದ ಕೂಗಿದಳು.

"ಅಲುಗಾಡಿತ್ತೇನ ಅಕ್ಕಾ?" ಎಂದು ಬಿದ್ದಲ್ಲಿಂದಲೇ ಕೇಳಿದ.

"ಇಲ್ಲೋ" ಎಂದೆ. "ಒಂಚೂರೂ ಇಲ್ಲ. ಅವತ್ತೂ ಇರಲಿಲ್ಲ."

ಅವನು ಕಣ್ಣಿಗೆ ಹತ್ತಿದ ರಾಡಿ ಒರೆಸಿಕೊಳ್ಳುತ್ತ ನಕ್ಕ. "ಹಂಗಾರ ಬರಕೋ ಬುಕ್ಕಿನ್ಯಾಗ."

ಬುಕ್ಕು ಉದ್ಯಮಬಾಗದಲ್ಲಿ, ಮಾಲಕರ ಕಪಾಟಿನಲ್ಲಿತ್ತು.